ಅಪ್‌ಡೇಟ್: ಅಮ್ಮನ ಕಾಲಿನ ಬನಿಯನ್ (ಹೆಬ್ಬೆರಳ ಉಬ್ಬು), ಇನ್‌ಸೋಲ್ ಮತ್ತು ಪಾದದ ಕೀಲು ನೋವು

ಅಮ್ಮನ ಕಾಲಿನ ಹೆಬ್ಬೆರಳ ಬುಡದಲ್ಲಿ ಉಬ್ಬು ಬಂದು ಬೆರಳು ಪಕ್ಕದ ಬೆರಳ ಕಡೆ ವಾಲಿದೆ, ಇನ್‌ಸೋಲ್ (ಪಾದರಕ್ಷೆಯೊಳಗೆ ಪಾದದಡಿ ಇಡುವ ಆಸರೆ ಮೆತ್ತೆ) ಹಾಕಿದ ಮೇಲೆ ಪಾದದ ಕೀಲಿನ ಹೊರಬದಿ ನೋಯ್ತಿದೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಈಗ ಕೀಲು ನೋವು ಹೋಗಿದೆ.

ಇನ್‌ಸೋಲನ್ನೇ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ ಅಂದವರ ಮಾತು ಕೆಲಸ ಮಾಡಿತು. ಮಡಿಕೇರಿಗೆ ಹೋಗಿ ತೋರಿಸಿದೆವು. ಪಾದದ ಒಳಬದಿಯ ಕಮಾನಿನ ಕೆಳಗೆ ಬರುವ ಇನ್‌ಸೋಲ್‌ನ ಆಸರೆ ತೀರಾ ಎತ್ತರ ಇತ್ತು. ಅದರಿಂದ ಹಿಮ್ಮಡಿ ಹೊರಕ್ಕೆ ವಾಲಿ, ಭಾರವೆಲ್ಲ ಹೊರಬದಿಗೆ ಬೀಳುತ್ತಿತ್ತು. ನಮ್ಮದು ಇಳಿಜಾರಿನ ಕಾಫಿ ತೋಟ ಬೇರೆ, ಅಲ್ಲಿ ಕೀಲು ಮೊದಲೇ ತಿರುಚುತ್ತದೆ ಅಲ್ವಾ! ಆಸರೆಯನ್ನು ಉಜ್ಜಿ ತಗ್ಗಿಸಿದರು. ಮೊದಲು ಮನೆಯೊಳಗೆ ಸ್ವಲ್ಪ ಹೊತ್ತು ಹಾಕಿ, ಆಮೇಲೆ ನಿಧಾನಕ್ಕೆ ಜಾಸ್ತಿ ಮಾಡಿ ಅಂದರು.

ಬೆರಳನ್ನು ನೆಟ್ಟಗೆ ಹಿಡಿಯೋಕೆ ರಾತ್ರಿ ಕಟ್ಟುವ ಪಟ್ಟಿಯಿಂದ ಏನೂ ಆಗಲಿಲ್ಲ, ನಿದ್ದೆ ಕೆಟ್ಟಿದ್ದೇ ಬಂತು. ಬೆರಳುಗಳ ಮಧ್ಯೆ ಇಡುವ ಸಿಲಿಕಾನ್ ತುಂಡು ಚಪ್ಪಲಿಗೆ ಪರವಾಗಿಲ್ಲ, ಗಮ್‌ಬೂಟಿನಲ್ಲಿ ಒತ್ತುತ್ತದೆ.

ನನಗೆ ಆಶ್ಚರ್ಯ ಆಗಿದ್ದು ಬೂಟಿನ ವಿಷಯ. ಇನ್‌ಸೋಲ್ ಒಳಗೆ ಜಾಗ ತಿನ್ನುತ್ತದೆ, ಕಾಲು ಮೇಲೇರಿ ಉಬ್ಬು ಇನ್ನಷ್ಟು ಉಜ್ಜುತ್ತದೆ. ಹಾಗಾಗಿ ಮುಂಭಾಗ ಅಗಲ ಇರುವ, ಒಂದು ಸೈಜ್ ದೊಡ್ಡ ಗಮ್‌ಬೂಟ್ ತಂದೆವು. ಕಕ್ಕಡದ (ಕೊಡಗಿನಲ್ಲಿ ಜುಲೈ-ಆಗಸ್ಟ್ ಹೊತ್ತಿನ ಮಳೆ ತಿಂಗಳು) ಮಳೆಗೆ ಅದಿಲ್ಲದೆ ತೋಟಕ್ಕೆ ಇಳಿಯೋಕಾಗಲ್ಲ.

ಇನ್‌ಸೋಲ್‌ನಿಂದ ಬೆರಳು ನೆಟ್ಟಗಾಗಲ್ಲ, ನೋವು ಕಡಿಮೆಯಾಗಬಹುದು ಅಷ್ಟೇ ಅಂತ ಡಾಕ್ಟರ್ ನೇರವಾಗಿ ಹೇಳಿದರು. ನಡೆಯೋಕೇ ಕಷ್ಟ ಆದರೆ ಆಪರೇಷನ್ ಬಗ್ಗೆ ಯೋಚಿಸೋಣ ಅಂದಿದ್ದಾರೆ. ಅಮ್ಮ ಸದ್ಯಕ್ಕೆ ಬೇಡ ಅಂತಿದ್ದಾರೆ.