ವಸಡು 'ಹಿಂಜರಿಯೋದು' ಸರಿನಾ?

ಎಲ್ರಿಗೂ ನಮಸ್ಕಾರ. ಹೋದ ವಾರ ತೀರ್ಥಹಳ್ಳಿಯಿಂದ ನಮ್ಮತ್ತೇನ ಶಿವಮೊಗ್ಗಕ್ಕೆ ಹಲ್ಲಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದೆ, ಅವ್ರು ನೋಡಿ 'ಗಮ್ ರಿಸೆಷನ್' ಅಂದ್ರು (ವಸಡು ಹಿಂದೆ ಸರಿದು ಹಲ್ಲಿನ ಬೇರು ಕಾಣೋದು), ಅತ್ತೆ ನನ್ನ ಮುಖ ನೋಡಿದ್ರು, ನಾನು ಜಾಣನ ಹಾಗೆ 'ವಸಡಿನ ಹಿಂಜರಿತ' ಅಂದೆ. 'ಹಿಂಜರಿಯಕ್ಕೆ ಅದಕ್ಕೇನು ನಾಚ್ಕೆನಾ' ಅಂದ್ರು!

ಪೇಪರ್‌ನ ಆರ್ಥಿಕ ಹಿಂಜರಿತಾನ ತಂದು ಬಾಯಿಗೆ ತುರುಕಿದ್ದೆ ನೋಡಿ. ಬೇರೆ ಪದ ಹುಡುಕಿದ್ರೆ ಅದಕ್ಕೂ ತೊಡಕು. 'ವಸಡು ಇಳಿದಿದೆ' ಅಂದ್ರೆ ಕೆಳಗಿನ ಹಲ್ಲಿಗಾಯ್ತು, ಮೇಲಿನ ಹಲ್ಲಲ್ಲಿ ಅದು ಮೇಲಕ್ಕೆ ಹೋಗುತ್ತಲ್ಲ? 'ಸವೆತ' ಅನ್ನೋದು ಗಟ್ಟಿ ಬ್ರಷ್ ಹಿಡಿದು ಪಾತ್ರೆ ತಿಕ್ಕಿದ ಹಾಗೆ ಅಡ್ಡಡ್ಡ ಉಜ್ಜೋ ನನ್ನಂಥವರಿಗೆ ಸರಿಯಾಗಿ ಹೊಂದುತ್ತೆ. ಅತ್ತೇದು ಬೇರೆ ಕಥೆ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿ, ಅದು ಗಾರೆ ಹಾಗೆ ಗಟ್ಟಿಯಾಗಿ, ವಸಡು ಊದಿ ರಕ್ತ ಬಂದು, ಒಳಗೆ ಹಲ್ಲು ಹಿಡ್ಕೊಂಡಿರೋ ಮೂಳೆನೇ ಕರಗ್ತಾ ಹೋಗಿದೆಯಂತೆ, ಮೂಳೆ ಹೋದ್ರೆ ಅದರ ಮೇಲೆ ಕೂತಿರೋ ವಸಡು ಎಲ್ಲಿ ನಿಲ್ಲುತ್ತೆ. ಜೊತೆಗೆ ಹೊಗೆಸೊಪ್ಪಿನ ಕವಳ, ಅದೂ ಯಾವಾಗ್ಲೂ ಎಡದವಡೆಗೇ ಒತ್ತಿಡೋದು, ಆ ಜಾಗದಲ್ಲಿ ಹಲ್ಲಿನ ಬೇರು ಹಳದಿಯಾಗಿ ಕಾಣ್ತಿದೆ. ಬೇರಿನ ಮೇಲೆ ಎನಾಮಲ್ ಇರಲ್ಲ, ಹಾಗಾಗಿ ತಣ್ಣೀರು ಕುಡಿದ್ರೆ ಜುಂ ಅನ್ನುತ್ತೆ.

ಇದಕ್ಕೆ 'ಜರಿಯೋದು' ಅಂದ್ರೆ ಹೇಗೆ? ಸೀರೆ ಜರಿ ಅಲ್ಲ, ಬೈದು ಜರಿಯೋದೂ ಅಲ್ಲ, ಮಳೆಗಾಲದಲ್ಲಿ ಮನೆ ಹಿಂದಿನ ಧರೆ ಜರೀತು ಅಂತೀವಲ್ಲ ಅದು. ಅಡಿಯ ಆಸರೆ ಹೋಗಿ ಮೇಲಿಂದು ಜಾರೋದು, ಅತ್ತೆ ಬಾಯಲ್ಲಿ ಆಗಿರೋದೂ ಅದೇ ತಾನೆ.

ಹೋದ ವಸಡು ತಾನಾಗಿ ವಾಪಸ್ ಬೆಳೆಯಲ್ಲ ಅಂತ ಡಾಕ್ಟ್ರು ಹೇಳಿದಾಗ ಅತ್ತೆ, 'ಅಡಿಕೆ ಮರದ ಬೇರು ಕಂಡ್ರೆ ಗೋಡು (ಬುಡಕ್ಕೆ ಹೊಸ ಮಣ್ಣು) ಹಾಕ್ತೀವಿ, ಇದಕ್ಕೆ ಹಾಕಕ್ಕಾಗಲ್ವಾ' ಅಂತ ಕೇಳಿದ್ರು. ಕೆಲವರಿಗೆ ಅಂಗುಳದಿಂದ ತೆಳು ಪದರ ತೆಗೆದು ಕಸಿ ಮಾಡ್ತಾರಂತೆ, ಅಂದ್ರೆ ಗೋಡು ಹಾಕೋದೇ ಆಯ್ತು.

ಸಾಗರ, ಸೊರಬ, ಹೊಸನಗರ ಕಡೆಯವರು ಮನೇಲಿ ಇದಕ್ಕೆ ಏನಂತೀರಿ? ಹಾಗೇ ನಿಮ್ಮಲ್ಲಿ ವಸಡಾ, ಒಸಡಾ? ನಮ್ಮನೇಲಿ ಎರಡೂ ನಡೆಯುತ್ತೆ, ಅತ್ತೆ ಮಾತ್ರ 'ಹಲ್ಲು ಬುಡ ಬಿಟ್ಟಿದೆ' ಅಂದು ಮುಗಿಸ್ತಾರೆ.