ಪದಚರ್ಚೆ: ಪಾಕದ ಹದಕ್ಕೆ, ನೊರೆ ಬರಿಸುವುದಕ್ಕೆ ನಿಮ್ಮ ಕಡೆ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಕನ್ನಡ ಕಲಿಯುತ್ತಿರುವ ಮಕ್ಕಳಿಗಾಗಿ ಅಡುಗೆ ಪಾಠಗಳನ್ನು ಬರೆಯುತ್ತಿದ್ದೇನೆ. ಮಕ್ಕಳೇ ಓದಿಕೊಂಡು, ದೊಡ್ಡವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಬೇಕು. ಈ ಸಲದ್ದು ಸ್ಪಂಜಿನಂತೆ ಹಗುರವಾದ ಮೆತ್ತನೆ ಸಿಹಿತಿಂಡಿ ಮಾರ್ಷ್‌ಮ್ಯಾಲೋ, ಅದೂ ಬಿಳಿ ಸಕ್ಕರೆ ಬಿಟ್ಟು ಜೇನುತುಪ್ಪದಲ್ಲಿ ಇಲ್ಲವೇ ಬೆಲ್ಲದಲ್ಲಿ ಮಾಡುವಂಥದ್ದು. ಮಾಡುವ ವಿಧಾನ ಗೊತ್ತಿದೆ. ಕೆಲವು ಮಾತುಗಳಿಗೆ ನಿಮ್ಮ ಸಹಾಯ ಬೇಕು.

ಮೊದಲು ವಿಧಾನ ಹೇಳಿಬಿಡುತ್ತೇನೆ. ಅರ್ಧ ಕಪ್ ತಣ್ಣೀರಿಗೆ 3 ದೊಡ್ಡ ಚಮಚ ಜೆಲಾಟಿನ್ (ತಿಂಡಿ ಗಟ್ಟಿಯಾಗಿ ನಿಲ್ಲಲು ಹಾಕುವ ಪುಡಿ) ಉದುರಿಸಿ ನೆನೆಯಲು ಬಿಡಬೇಕು. ಇನ್ನೊಂದು ಕಡೆ 1 ಕಪ್ ಜೇನುತುಪ್ಪಕ್ಕೆ ಅರ್ಧ ಕಪ್ ನೀರು ಸೇರಿಸಿ, ಸುಮಾರು 115 ಡಿಗ್ರಿ ಸೆಲ್ಸಿಯಸ್ ಬರುವ ತನಕ ಕುದಿಸಬೇಕು. ಆ ಬಿಸಿ ಪಾಕವನ್ನು ಜೆಲಾಟಿನ್‌ಗೆ ನಿಧಾನವಾಗಿ ಸುರಿಯುತ್ತಾ ಬೀಟರ್ ಓಡಿಸಬೇಕು. ಹತ್ತು ನಿಮಿಷದ ಹೊತ್ತಿಗೆ ಕಂದು ಬಣ್ಣ ಹೋಗಿ ಬೆಳ್ಳಗಾಗುತ್ತದೆ, ಮೂರು ಪಟ್ಟು ಉಬ್ಬುತ್ತದೆ, ಬೀಟರ್ ಎತ್ತಿದರೆ ದಪ್ಪ ಪಟ್ಟಿಯಂತೆ ಇಳಿಯುತ್ತದೆ. ತಟ್ಟೆಗೆ ಹರಡಿ, ಮಾರನೆಯ ದಿನ ಕತ್ತರಿಸಿ, ಕೂವೆ ಹಿಟ್ಟಿನಲ್ಲಿ ಹೊರಳಿಸಿದರೆ ಆಯಿತು.

ಮೊದಲ ಪ್ರಶ್ನೆ ಆ 115 ಡಿಗ್ರಿಯದ್ದು. ಎಲ್ಲರ ಮನೆಯಲ್ಲೂ ಪಾಕದ ಥರ್ಮಾಮೀಟರ್ ಇರುವುದಿಲ್ಲ. ಬಟ್ಟಲಲ್ಲಿ ತಣ್ಣೀರು ಇಟ್ಟುಕೊಂಡು ಒಂದು ಹನಿ ಪಾಕ ಬಿಟ್ಟು ನೋಡಬೇಕು. ಬೆರಳಲ್ಲಿ ಕೂಡಿಸಿದರೆ ಉಂಡೆಯಾಗಬೇಕು, ನೀರಿನಿಂದ ಹೊರಗೆ ತೆಗೆದು ಒತ್ತಿದರೆ ಮೆತ್ತಗೆ ಚಪ್ಪಟೆಯಾಗಬೇಕು. ಕಜ್ಜಾಯಕ್ಕೆ ಬೆಲ್ಲದ ಪಾಕ ನೋಡುವುದೂ ಹೀಗೆಯೇ ಅಲ್ವಾ? ಇದಕ್ಕೆ 'ಉಂಡೆ ಪಾಕ' ಎಂದು ಬರೆದೆ. ಬರೆದ ಮೇಲೆ ಅನುಮಾನ ಬಂತು. ಪಾಕವೇ ಉಂಡೆಯಾಗುವ ಹದ ಎಂದು ಒಬ್ಬರು ಓದಿದರೆ, ಉಂಡೆ ಕಟ್ಟಲು ಬೇಕಾದ ಪಾಕ ಎಂದು ಇನ್ನೊಬ್ಬರು ಓದಬಹುದು. ಎಳ್ಳುಂಡೆಯ ಪಾಕ ಇದಕ್ಕಿಂತ ಗಟ್ಟಿ. ಅಷ್ಟು ಏರಿಸಿದರೆ ಮಾರ್ಷ್‌ಮ್ಯಾಲೋ ಮೆತ್ತಗೆ ಉಳಿಯುವುದಿಲ್ಲ. 'ಕಜ್ಜಾಯದ ಪಾಕ' ಎಂದರೆ ಹಳೇ ಮೈಸೂರಿನವರಿಗೆ ತಟ್ಟನೆ ಗೊತ್ತಾಗುತ್ತದೆ. ಅದನ್ನೇ ಅತ್ರಾಸ ಎನ್ನುವವರಿಗೆ? ಒಂದೆಳೆ, ಎರಡೆಳೆ ಪಾಕ ಎಂಬ ಮಾತುಗಳು ಎಲ್ಲ ಕಡೆ ನಡೆಯುತ್ತವೆ. ಅದರ ಮುಂದಿನ ಈ ಮೆತ್ತನೆ ಉಂಡೆಯ ಹದಕ್ಕೆ ನಿಮ್ಮ ಮನೆಯಲ್ಲಿ ಬೇರೆ ಹೆಸರಿದೆಯೇ?

ಎರಡನೆಯದು ಬೀಟರ್ ಓಡಿಸುವ ಕೆಲಸ. ಇದೇ ನನಗೆ ಹೆಚ್ಚು ಕಷ್ಟ ಕೊಟ್ಟದ್ದು. 'ಕಲಕಿ' ಎಂದರೆ ಸಾಲದು, ಚಹಾಕ್ಕೆ ಸಕ್ಕರೆ ಹಾಕಿಯೂ ಕಲಕುತ್ತೇವೆ. 'ಮಗುಚಿ' ಎಂದರೆ ಒಲೆಯ ಮೇಲೆ ಸೌಟು ಹಿಡಿದು ನಿಂತ ಹಾಗೆ. 'ಕಡೆಯಿರಿ' ಚೆನ್ನಾಗಿದೆ, ಮಜ್ಜಿಗೆ ಕಡೆಯುವಾಗ ನೊರೆ ಏಳುತ್ತದೆ. ಆದರೆ ದಕ್ಷಿಣ ಕನ್ನಡದ ಮನೆಗಳಲ್ಲಿ ಕಡೆಯುವುದೆಂದರೆ ಕಲ್ಲಿನಲ್ಲಿ ಅರೆಯುವುದು. ಅಲ್ಲಿಯ ಅಜ್ಜಿಯೊಬ್ಬರು ಮೊಮ್ಮಗಳಿಗೆ ಓದಿ ಹೇಳಿದರೆ ಜೆಲಾಟಿನ್ ಮಿಕ್ಸಿಗೆ ಹೋಗುತ್ತದೆ! ಸದ್ಯಕ್ಕೆ 'ನೊರೆ ಬರಿಸಿ' ಎಂದು ಇಟ್ಟುಕೊಂಡಿದ್ದೇನೆ. ಆದರೆ ನೊರೆ ಎಂದರೆ ಮೇಲೆ ತೇಲಿ ಒಡೆದುಹೋಗುವಂಥದ್ದು. ಇಲ್ಲಿ ಇಡೀ ಪಾಕವೇ ಗಾಳಿ ಹಿಡಿದುಕೊಂಡು ನಿಲ್ಲಬೇಕು. ಆಲೆಮನೆಯ ನೊರೆಬೆಲ್ಲ ತಿಂದ ಮಲೆನಾಡಿನವರು ಇಲ್ಲಿದ್ದರೆ, ಅಲ್ಲಿ ಈ ಕೆಲಸಕ್ಕೆ ಯಾವ ಮಾತು ಬಳಸುತ್ತಾರೆ ಹೇಳಿ.

ಜೆಲಾಟಿನ್‌ಗೆ 'ಅರಳಿಸಿ' ಎಂದು ಕೆಲವರು ಬರೆಯುವುದನ್ನು ನೋಡಿದ್ದೇನೆ. ನನಗೆ 'ನೆನೆಸಿ'ಯೇ ಸಾಕು. ಸಬ್ಬಕ್ಕಿ ನೆನೆಸುತ್ತೇವೆ, ಅದೂ ಉಬ್ಬುತ್ತದೆ. ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವುದರಿಂದ ಎಷ್ಟೋ ಮನೆಗಳಲ್ಲಿ ನಡೆಯುವುದಿಲ್ಲ. ಅವರಿಗೆ ಕಡಲಪಾಚಿಯಿಂದ ಮಾಡುವ ಚೈನಾ ಗ್ರಾಸ್ ಇದೆ. ಆದರೆ ಅದನ್ನು ನೆನೆಸಿದರೆ ಸಾಲದು, ಕುದಿಸಿ ಕರಗಿಸಬೇಕು, ಮತ್ತು ತಿಂಡಿ ಅಷ್ಟು ಹಗುರವಾಗುವುದಿಲ್ಲ.

ಮಾರ್ಷ್‌ಮ್ಯಾಲೋ ಎಂಬ ಹೆಸರನ್ನು ಹಾಗೆಯೇ ಬಿಡುತ್ತೇನೆ. ಅದು ಒಂದು ಗಿಡದ ಹೆಸರು, ನಮ್ಮ ಬೆಂಡೆ, ದಾಸವಾಳದ ಕುಟುಂಬದ್ದೇ. 19ನೇ ಶತಮಾನದ ಫ್ರಾನ್ಸಿನಲ್ಲಿ ಅದರ ಬೇರಿನ ಲೋಳೆಗೆ ಮೊಟ್ಟೆಯ ಬಿಳಿ, ಸಕ್ಕರೆ ಸೇರಿಸಿ ಈ ತಿಂಡಿ ಮಾಡುತ್ತಿದ್ದರು. ಈಗಿನದರಲ್ಲಿ ಬೇರೂ ಇಲ್ಲ, ಲೋಳೆಯೂ ಇಲ್ಲ. ಗಿಡದ ಹೆಸರನ್ನು ಕನ್ನಡಕ್ಕೆ ತಂದು ಏನು ಮಾಡುವುದು?

ಕೊನೆಯದು ತಲೆಬರಹ. ಇದರಲ್ಲಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ಪಾಠ ನೋಡಿದ ಒಬ್ಬರು 'ಸಕ್ಕರೆ ಇಲ್ಲದ ಮಾರ್ಷ್‌ಮ್ಯಾಲೋ' ಎಂದು ಹಾಕಿ, ಚಿಕ್ಕದಾಗಿರುತ್ತದೆ ಎಂದರು. ಜೇನಿನಲ್ಲಿರುವುದು ಗ್ಲೂಕೋಸ್, ಫ್ರಕ್ಟೋಸ್ ಎಂಬ ಸಕ್ಕರೆಗಳು. ಬೆಲ್ಲದಲ್ಲಿರುವುದು ಬಹುಪಾಲು ಸಕ್ಕರೆಯೇ, ಶುದ್ಧ ಮಾಡಿಲ್ಲ ಅಷ್ಟೆ. ಸಕ್ಕರೆ ಕಾಯಿಲೆ ಇರುವ ತಾತ ಆ ತಲೆಬರಹ ನಂಬಿ ನಾಲ್ಕು ತಿಂದರೆ? ಅಂಗಡಿಯ ಪೊಟ್ಟಣದ ಮೇಲೆ ಹಾಗೆ ಬರೆಯಬೇಕಾದರೆ 100 ಗ್ರಾಮಿಗೆ ಅರ್ಧ ಗ್ರಾಂಗಿಂತ ಜಾಸ್ತಿ ಸಕ್ಕರೆ ಇರಬಾರದು ಎಂಬ ನಿಯಮ ಭಾರತದಲ್ಲಿದೆ. 'ಸಂಸ್ಕರಿಸಿದ ಸಕ್ಕರೆರಹಿತ' ಎಂದರೆ ಮಕ್ಕಳ ಬಾಯಲ್ಲಿ ಹೊರಳುವುದಿಲ್ಲ. 'ಜೇನುತುಪ್ಪದ ಮಾರ್ಷ್‌ಮ್ಯಾಲೋ', 'ಬೆಲ್ಲದ ಮಾರ್ಷ್‌ಮ್ಯಾಲೋ' ಎಂದು ಇರುವುದನ್ನೇ ಹೇಳಿದರೆ ಸಾಕು ಅನಿಸುತ್ತದೆ.

ಉತ್ತರ ಬರೆಯುವಾಗ ನಿಮ್ಮದು ಯಾವ ಜಿಲ್ಲೆ, ಆ ಮಾತನ್ನು ಮನೆಯಲ್ಲಿ ಯಾವ ತಿಂಡಿ ಮಾಡುವಾಗ ಕೇಳಿದ್ದೀರಿ ಎಂಬುದನ್ನೂ ಸೇರಿಸಿ. ನಿಘಂಟಿನ ಮಾತಿಗಿಂತ ಒಲೆಯ ಮುಂದೆ ಆಡುವ ಮಾತೇ ನನಗೆ ಬೇಕಾಗಿರುವುದು.