ಮನೇಲಿ ಬಿಯರ್ ಮಾಡುವಾಗ, ಕುದಿಸೋ ಕೆಟಲ್‌ನಿಂದ ಹುದುಗಿಸೋ ಫರ್ಮೆಂಟರ್‌ಗೆ ಇಳಿಸುವಾಗ ಗಸಿ ತಡೆಯೋದು ಹೇಗೆ? ಅನುಭವ ಇದ್ದವರು ಹೇಳಿ

ರಾಲಿ_ಹೊಸಬ
5 ಗ್ಯಾಲನ್ ಐಪಿಎ (ಹಾಪ್ಸ್ ಜಾಸ್ತಿ ಇರೋ ಕಹಿ ಬಿಯರ್), ಆಲ್ ಗ್ರೇನ್, ಅಂದರೆ ಪೂರ್ತಿ ಮಾಲ್ಟ್ ಕಾಳಿನಿಂದಲೇ. ಪೆಲೆಟ್ ಹಾಪ್ಸ್ (ಕಹಿ ಕೊಡೋ ಹೂವನ್ನ ಪುಡಿ ಮಾಡಿ ಒತ್ತಿದ ಗುಳಿಗೆ) ನೇರ ಕೆಟಲ್‌ಗೇ ಹಾಕ್ತೀನಿ. ತಣ್ಣೀರು ಹರಿಯೋ ಕಾಯಿಲ್ ಇರೋ ಇಮ್ಮರ್ಶನ್ ಚಿಲ್ಲರ್‌ನಲ್ಲಿ ತಣಿಸಿ, ಸೈಫನ್‌ನಲ್ಲಿ ಕಾರ್ಬಾಯ್‌ಗೆ (ಹುದುಗಿಸೋ ದೊಡ್ಡ ಬಾಟಲಿಗೆ) ಇಳಿಸುವಾಗ ಹಸಿರು ಗಸಿಯೆಲ್ಲ ಜೊತೆಗೇ ಬರುತ್ತೆ. ಬೇಡ ಅಂತ ನಿಲ್ಲಿಸಿದರೆ ಮುಕ್ಕಾಲು ಗ್ಯಾಲನ್ ವರ್ಟ್ (ಇನ್ನೂ ಹುದುಗದ ಮಾಲ್ಟ್ ರಸ) ತಳದಲ್ಲೇ ದಂಡ. 100 ಡಾಲರ್ ಒಳಗೆ ಏನಾದರೂ ದಾರಿ ಇದೆಯಾ?

ತುಮಕೂರು_ಟೆಕ್ಸಾಸ್
ಬಟ್ಟೆ, ಜರಡಿ, ಸೈಫನ್ ತುದಿಗೆ ಬಲೆ, ಎಲ್ಲ ದಾಟಿ ಬಂದವನು ನಾನು. ಕೊನೆಗೆ ಸ್ಟೀಲ್ ಕೋನಿಕಲ್, ಅಂದರೆ ತಳ ಆಲಿಕೆಯಂತೆ ಚೂಪಾಗಿರೋ ಫರ್ಮೆಂಟರ್ ತಗೊಂಡೆ. ಪಾತ್ರೆ 640 ಡಾಲರ್, ತಳದ ಬಟರ್‌ಫ್ಲೈ ವಾಲ್ವ್ 70, ಕ್ಲ್ಯಾಂಪು ಗ್ಯಾಸ್ಕೆಟ್ಟು ಸೇರಿ 45, ತಣಿಸೋ ಕಾಯಿಲ್ 130, ಟ್ಯಾಕ್ಸ್ ಬೇರೆ. ಬಂದ ಪೆಟ್ಟಿಗೆ ಬಿಚ್ಚಿದರೆ ಮುಚ್ಚಳ ನೆಗ್ಗಿತ್ತು. ಮಾರಿದವರು ಬದಲಿ ಕಳಿಸೋಕೆ ತಿಂಗಳುಗಟ್ಟಲೆ ಕಾಯಿಸಿದರು, ಫೋನ್ ಮಾಡಿದರೆ ಎತ್ತಲಿಲ್ಲ, ಕೊನೆಗೆ ಬಂದ ಮುಚ್ಚಳಕ್ಕೆ ಗ್ಯಾಸ್ಕೆಟ್ ಇರಲಿಲ್ಲ. ಅದಕ್ಕೆ ಮತ್ತೆ 18 ಡಾಲರ್. ಇಷ್ಟೆಲ್ಲ ಆದರೂ ಇವತ್ತು ಯಾರು ಕೇಳಿದರೂ ಕೋನಿಕಲ್ ಅಂತಲೇ ಹೇಳ್ತೀನಿ. ಕೆಟಲ್‌ನಲ್ಲಿ ಇರೋದನ್ನೆಲ್ಲ ಇಳಿಸಿ, ಕೆಲವು ಗಂಟೆ ಬಿಟ್ಟು, ಯೀಸ್ಟ್ ಹಾಕೋ ಮುಂಚೆ ತಳದಿಂದ ಗಸಿ ಹೊರಗೆ ಬಿಡ್ತೀನಿ. ಆದರೆ ಅರ್ಧ ಇಂಚಿನ ಬಾಲ್ ವಾಲ್ವ್ ಇರೋ ಅಗ್ಗದ ಮಾಲು ಬೇಡ. ಗಸಿ ಮುದ್ದೆಯಾಗಿ ಕೂತುಬಿಡುತ್ತೆ, ನಡುವೆ ತೂತು ಬಿದ್ದು ಮೇಲಿನ ತಿಳಿಯೇ ಮೊದಲು ಹರಿದುಹೋಗುತ್ತೆ.

ಧಾರವಾಡ_ಡೆನ್ವರ್
ಅಲ್ರೀ, ಅಂವ ನೂರು ಡಾಲರ್ ಅಂತ ಬರದಾನ, ನೀವು ಸಾವಿರದ ಸನಿಹದ್ದು ಹೇಳಾಕತ್ತೀರಿ.

ನಾ ಇರೋದು 5,280 ಅಡಿ ಎತ್ತರದಾಗ. ಇಲ್ಲೆ ನೀರು 95 ಡಿಗ್ರಿ ಸೆಲ್ಸಿಯಸ್ಸಿಗೇ ಕುದೀತದ, ಹಾಪ್ಸಿನ ಕಹಿ ಪೂರ್ತಿ ಬಿಡೂದಿಲ್ಲ. ಹಿಂಗಾಗಿ ನಿಮ್ಮೆಲ್ಲರಿಗಿಂತ ಹೆಚ್ಚು ಹಾಪ್ಸ್ ಹಾಕಬೇಕು, ಗಸೀನೂ ಹೆಚ್ಚು. ಅಂಥಾದ್ರಾಗ ಗಸಿ ತಡೀಲಿಕ್ಕೆ ನಾ ಖರ್ಚು ಮಾಡಿದ್ದು ಒಂದು ಉದ್ದನ ಸ್ಟೀಲ್ ಸೌಟಿಗೆ, ಅಷ್ಟ. ವರ್ಟ್ ತಣದ ಮ್ಯಾಲ ಚಿಲ್ಲರ್ ಕಾಯಿಲ್ ಹೊರಗ ತಗೀರಿ. ಒಳಗಿದ್ರ ಸುಳಿ ಏಳೂದಿಲ್ಲ. ಒಂದ ದಿಕ್ಕಿಗೆ ಎರಡು ನಿಮಿಷ ಜೋರಾಗಿ ತಿರುವ್ರಿ, ಮುಚ್ಚಿ 20 ನಿಮಿಷ ಮುಟ್ಟಬ್ಯಾಡ್ರಿ. ಗಸಿ ನಡುವ ಗುಡ್ಡಿ ಕಟ್ಟತದ. ಸೈಫನ್ ಗ್ವಾಡಿ ಅಂಚಿಗೆ ಹಿಡೀರಿ. ಚಹಾದ ಕಪ್ಪಿನ್ಯಾಗ ತಿರುವಿದ್ರ ಪುಡಿ ಅಂಚಿಗೆ ಹೋಗಲಾರದ ನಡುವ ಯಾಕ ಕೂಡತದ ಅಂತ 1926ರಾಗ ಐನ್‌ಸ್ಟೈನ್ ಬರದಾರ: ತಳದಾಗ ಘರ್ಷಣೆಗೆ ವೇಗ ಕಮ್ಮಿ ಆಗಿ, ಹರಿವು ಕೇಂದ್ರದ ಕಡೆ ಹೊಳ್ಳತದ. ಕೆನಡಾದ ಮೋಲ್ಸನ್ ಬ್ರೂವರಿಯವರು 1960ರ ಸುಮಾರಿಗೆ ಇದನ್ನ ದೊಡ್ಡ ಟ್ಯಾಂಕಿಗೆ ತಂದ್ರು. ರೊಕ್ಕದ ಮಾತಲ್ಲ, ತಾಳ್ಮಿ ಬೇಕು.

ಮಂಡ್ಯ_ಮಿನಿಯಾಪೊಲಿಸ್
ಸುಳಿ ಎಲ್ಲಾ ಸರಿ ಕಣ್ರೀ, ಆದ್ರೆ ಕೋಲ್ಡ್ ಬ್ರೇಕ್ ಇಪ್ಪತ್ತು ನಿಮಿಷಕ್ಕೆ ಕೂರಲ್ಲ. ಹಾಪ್ಸ್ ಚರಟ ಕೂರುತ್ತೆ, ತಣಿದಾಗ ಬರೋ ಆ ಮೊಟ್ಟೆ ಸಾರಿನಂಥ ಪ್ರೋಟೀನ್ ತೇಲಾಡ್ತಾನೇ ಇರುತ್ತೆ.

ನನ್ನ ಕತೆ ಕೇಳಿ. ಬೇಗ ತಣಿಸಬೇಕು ಅಂತ ಪ್ಲೇಟ್ ಚಿಲ್ಲರ್ (ತೆಳು ತಗಡುಗಳ ಒಂದು ಕಡೆ ವರ್ಟ್, ಇನ್ನೊಂದು ಕಡೆ ತಣ್ಣೀರು ಹರಿದು ತಣಿಸೋ ಸಾಧನ) ತಗೊಂಡೆ, 160 ಡಾಲರ್. ಅದಕ್ಕೆ ಪಂಪು 180. ಸಿಲಿಕಾನ್ ಪೈಪು, ಕ್ವಿಕ್ ಡಿಸ್‌ಕನೆಕ್ಟು 90. ಪೆಲೆಟ್ ಹಾಪ್ಸ್ ಪ್ಲೇಟುಗಳ ಮಧ್ಯೆ ಹೋಗಿ ಗೂಡು ಕಟ್ಟಿತು. ಬಿಸಿ ವರ್ಟ್ ಕೆಟಲ್‌ನಲ್ಲಿ, ಪಂಪು ಕಿರುಚ್ತಾ ಇದೆ, ಹೊರಗೆ ಮೈನಸ್ 20, ಗ್ಯಾರೇಜಿನ ನೀರಿನ ಪೈಪು ಹೆಪ್ಪುಗಟ್ಟೋಕೆ ಶುರು. ಹಿಮ್ಮುಖ ನೀರು ಬಿಟ್ಟೆ, ಕಾಸ್ಟಿಕ್‌ನಲ್ಲಿ ನೆನೆಸಿದೆ, ಓವನ್ನಿಗೆ ಇಟ್ಟು ಕಾಯಿಸಿದೆ. ಪ್ರತಿ ಸಲ ತೊಳೆದಾಗಲೂ ಕಪ್ಪು ಚೂರು ಬರೋದು ನಿಲ್ಲಲಿಲ್ಲ. 60 ಡಾಲರಿಗೆ ಮಾರಿಬಿಟ್ಟೆ, ತಗೊಂಡವರಿಗೆ ಎಲ್ಲಾ ಹೇಳೇ ಕೊಟ್ಟೆ.

ಈಗ 300 ಮೈಕ್ರಾನ್ ಹಾಪ್ ಸ್ಪೈಡರ್ (ಹಾಪ್ಸ್ ಹಾಕಿ ಕೆಟಲ್ ಒಳಗೆ ಇಳಿಬಿಡೋ ಸಣ್ಣ ತೂತಿನ ಬಲೆ), 45 ಡಾಲರ್. ಬಲೆಗೆ ಲೋಳೆ ಹಿಡಿಯುತ್ತೆ, ಆಗಾಗ ಎತ್ತಿ ಅಲ್ಲಾಡಿಸಬೇಕು. ಕಹಿ ಸ್ವಲ್ಪ ಕಮ್ಮಿ ಅನ್ಸುತ್ತೆ, ಶುರುವಿನ ಹಾಪ್ಸ್ ಒಂದಿಷ್ಟು ಜಾಸ್ತಿ ಹಾಕ್ತೀನಿ.

ಮೈಸೂರು_ಮಿಲ್ಪಿಟಾಸ್
ಇಷ್ಟು ದುಡ್ಡು, ಇಷ್ಟು ಒದ್ದಾಟ ಯಾವುದಕ್ಕೆ? ನಾನು ಕೆಟಲ್ ಎತ್ತಿ ಪೂರ್ತಿ ಸುರೀತೀನಿ, ಗಸಿ ಸಮೇತ. ಆ ಗಸಿಯಲ್ಲಿ ಯೀಸ್ಟ್‌ಗೆ ಬೇಕಾದ ಕೊಬ್ಬಿನಾಮ್ಲ ಇದೆ, ಸತು ಇದೆ. ಹುದುಗು ಬೇಗ ಏಳುತ್ತೆ. ಬ್ರೂಲಾಸಫಿ ಅನ್ನೋ ಹೋಂಬ್ರೂ ಬ್ಲಾಗಿನವರು 2014ರಲ್ಲಿ ಒಂದೇ ವರ್ಟ್ ಎರಡು ಭಾಗ ಮಾಡಿ ನೋಡಿದಾಗ ಗಸಿ ಹೆಚ್ಚಿದ್ದ ಬಿಯರ್ರೇ ತಿಳಿಯಾಗಿ ಬಂತು. ಹುದುಗೆಲ್ಲ ಮುಗಿದ ಮೇಲೆ ಫ್ರಿಜ್‌ನಲ್ಲಿಟ್ಟರೆ ಎಲ್ಲ ಕೆಳಗೆ ಕೂರುತ್ತೆ. ನನ್ನ ಬಿಯರ್ ಸ್ಥಳೀಯ ಸ್ಪರ್ಧೆಯಲ್ಲಿ ಬಹುಮಾನ ತಂದಿದೆ. ಒಂದು ಹನಿ ವರ್ಟ್ ಚೆಲ್ಲಲ್ಲ.

ತುಮಕೂರು_ಟೆಕ್ಸಾಸ್
ಒಬ್ಬರ ಮನೆಯ ಪ್ರಯೋಗ ಇಟ್ಕೊಂಡು ಎಲ್ಲರಿಗೂ ಉಪದೇಶ ಬೇಡ ಮೇಡಂ. ಕೊಬ್ಬು ಜಾಸ್ತಿಯಾದರೆ ನೊರೆ ನಿಲ್ಲಲ್ಲ, ಬಿಯರ್ ಬೇಗ ಹಳಸುತ್ತೆ. ನೀವು ಎರಡು ವಾರದಲ್ಲಿ ಕುಡಿದು ಮುಗಿಸ್ತೀರಿ, ಗೊತ್ತಾಗಲ್ಲ. ನಾನು ಲಾಗರ್ (ತಂಪಲ್ಲಿ ಹುದುಗಿಸಿ ಮಾಗಿಸೋ ಬಿಯರ್) ತಿಂಗಳುಗಟ್ಟಲೆ ಇಡ್ತೀನಿ.

ಮೈಸೂರು_ಮಿಲ್ಪಿಟಾಸ್
ಎಷ್ಟು ದಿನದಲ್ಲಿ ಕುಡೀತೀನಿ ಅನ್ನೋದು ನಿಮಗೆ ಹೇಗೆ ಗೊತ್ತು? ಕೇಳಿದವರು ಐಪಿಎ ಬಗ್ಗೆ ಕೇಳಿದ್ದು. ಐಪಿಎಯನ್ನ ತಾಜಾ ಕುಡೀಬೇಕು. ನಿಮ್ಮ ಲಾಗರ್ ತಂದು ಇಲ್ಲಿ ಹಾಕಬೇಡಿ.

ಕುಡ್ಲ_ಲೀಡ್ಸ್
ಪೆಲೆಟ್ ಬಿಟ್ಟು ಎಲೆ ಹಾಪ್ಸ್ ಹಾಕಿ ಮಾರಾಯ್ರೆ, ಅರ್ಧ ಜಗಳ ಮುಗಿಯುತ್ತದೆ. ಇಡೀ ಹೂವು ತಳದಲ್ಲಿ ಹಾಸಿಗೆಯಂತೆ ಕೂತು ತಾನೇ ಸೋಸುತ್ತದೆ. ನಾನು ಹಾಕುವುದು ಈಸ್ಟ್ ಕೆಂಟ್ ಗೋಲ್ಡಿಂಗ್ಸ್, ಫಗಲ್ ಎಂಬ ಇಂಗ್ಲಿಷ್ ಹಾಪ್ಸ್ ತಳಿಗಳು. ಮೊದಮೊದಲು ಬರುವ ಒಂದೆರಡು ಜಗ್ ವರ್ಟ್ ತಿರುಗಿ ಮೇಲಿನಿಂದ ಹೊಯ್ದರೆ ಆಮೇಲೆ ಕನ್ನಡಿ. ಎಲೆ ಹಾಪ್ಸ್ ವರ್ಟ್ ಹೀರುತ್ತದೆ, ಅದು ಹೌದು. 100 ಗ್ರಾಮಿಗೆ ಕೊಡುವ ಬೆಲೆ ನೋಡಿದರೆ ಹೊಟ್ಟೆ ಉರಿಯುತ್ತದೆ, ಅದೂ ಹೌದು. ಕುದಿ ನಿಲ್ಲಿಸಲು 15 ನಿಮಿಷ ಇರುವಾಗ ಐರಿಶ್ ಮಾಸ್ ಹಾಕುವುದನ್ನು ಯಾರೂ ಹೇಳಲೇ ಇಲ್ಲವಲ್ಲ? ಕಡಲಪಾಚಿ, ಅಗ್ಗ. ಪ್ರೋಟೀನ್ ಹಿಡಿದು ಮುದ್ದೆ ಮಾಡಿ ಕೆಳಗೆ ಕೂರಿಸುತ್ತದೆ.

ಮಂಡ್ಯ_ಮಿನಿಯಾಪೊಲಿಸ್
ಅದು ನಾನು ಯಾವಾಗಲೂ ಹಾಕ್ತೀನಿ, ಬೇರೆ ಹೇಳಬೇಕಿಲ್ಲ ಅಂತ ಬಿಟ್ಟೆ. ಕೊನೆಗೆ ಜೆಲಟಿನ್ ಅರ್ಧ ಚಮಚ ಹಾಕಿದ್ರೆ ಆ ಕನ್ನಡಿನೂ ಬರುತ್ತೆ.

ಕುಡ್ಲ_ಲೀಡ್ಸ್
ಜೆಲಟಿನ್ ಎಂದರೆ ಹಂದಿ, ದನದ ಎಲುಬು, ಚರ್ಮ. ಮನೆಗೆ ಬರುವ ಸಸ್ಯಾಹಾರಿ ಸ್ನೇಹಿತರಿಗೆ ಹೇಳಿ ಕೊಡುತ್ತೀರೋ? ಇಲ್ಲಿ ಪಬ್ಬಿನ ಕ್ಯಾಸ್ಕ್ (ಪೀಪಾಯಿ) ಬಿಯರ್ ತಿಳಿಯಾಗಲು ಮೀನಿನ ಗಾಳಿಚೀಲದ ಐಸಿಂಗ್ಲಾಸ್ ಹಾಕುತ್ತಾರೆ ಎಂದು ತಿಳಿದ ದಿನ ನಮ್ಮ ಮನೆಯಲ್ಲಿ ದೊಡ್ಡ ರಂಪವೇ ಆಗಿತ್ತು. ಗಿನ್ನೆಸ್‌ನವರೇ ಅದನ್ನು ಬಿಟ್ಟರು.

ಮಂಡ್ಯ_ಮಿನಿಯಾಪೊಲಿಸ್
ನಮ್ಮ ಮನೇಲಿ ಎಲ್ಲಾ ತಿಂತೀವಿ. ಬಂದೋರಿಗೆ ಕೇಳಿಯೇ ಕೊಡ್ತೀನಿ. ಪ್ರಶ್ನೆ ಇರೋದು ಗಸಿ ಬಗ್ಗೆ, ನನ್ನ ಅಡುಗೆಮನೆ ಬಗ್ಗೆ ಅಲ್ಲ.

ಜಯನಗರ_4ನೇ_ಬ್ಲಾಕ್
ಬೆಂಗಳೂರಲ್ಲಿ ಮನೇಲೇ ಮಾಡಬಹುದಾ? ಮಾಲ್ಟ್ ಆನ್‌ಲೈನ್ ಸಿಗ್ತಿದೆ.

ಧಾರವಾಡ_ಡೆನ್ವರ್
ಬ್ಯಾಡ್ರಿ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದ ಮದ್ಯ ತಯಾರಿಸೂದು ಅಪರಾಧ, ಬಿಯರ್ರೂ ಅದರಾಗ ಬರ್ತದ. ಅಮೆರಿಕದಾಗೂ ಅಧ್ಯಕ್ಷ ಕಾರ್ಟರ್ 1978ರಾಗ ಸಹಿ ಹಾಕಿದ ಮ್ಯಾಲ ಫೆಡರಲ್ ಕಾಯ್ದೆ ಬಿಟ್ಟುಕೊಟ್ತು. ಇಬ್ಬರು ವಯಸ್ಕರಿರೋ ಮನಿಗೆ ವರ್ಷಕ್ಕ 200 ಗ್ಯಾಲನ್ ತನಕ. ಅಲಬಾಮಾ, ಮಿಸಿಸಿಪ್ಪಿ ಒಪ್ಪಿದ್ದು 2013ರಾಗ. ಗಸಿ ತಡೀಬೇಕಂದ್ರ ಮೊದಲ ಬಿಯರ್ ಇರಬೇಕಲ್ರೀ.

ರಾಲಿ_ಹೊಸಬ
ಎಲ್ಲರಿಗೂ ಥ್ಯಾಂಕ್ಸ್. ಸುಳಿ ಮತ್ತು ಐರಿಶ್ ಮಾಸ್ ಮೊದಲು ನೋಡ್ತೀನಿ. ಆದರೆ ತಳದಲ್ಲಿ ಉಳಿಯೋ ಆ ಮುಕ್ಕಾಲು ಗ್ಯಾಲನ್ ಏನು ಮಾಡೋದು? ಅದನ್ನ ಯಾರೂ ಹೇಳಲಿಲ್ಲ.

ಮಂಡ್ಯ_ಮಿನಿಯಾಪೊಲಿಸ್
ಸ್ಯಾನಿಟೈಸ್ ಮಾಡಿದ ಗಾಜಿನ ಜಾಡಿಗೆ ಸುರಿದು ರಾತ್ರಿ ಫ್ರಿಜ್ಜಲ್ಲಿಡಿ. ಬೆಳಿಗ್ಗೆ ಮೇಲೆ ತಿಳಿ ನಿಂತಿರುತ್ತೆ. ನಿಧಾನ ಬಗ್ಗಿಸಿ, 10 ನಿಮಿಷ ಕುದಿಸಿ, ಆರಿಸಿ, ಫ್ರೀಜರಿಗೆ ಹಾಕಿ. ಮುಂದಿನ ಸಲ ಯೀಸ್ಟ್ ಸ್ಟಾರ್ಟರಿಗೆ, ಅಂದ್ರೆ ಯೀಸ್ಟನ್ನ ಮೊದಲೇ ಬೆಳೆಸ್ಕೊಳ್ಳೋಕೆ, ಅದೇ ಸಾಕು, ಅದಕ್ಕೆ ಕೊಳ್ಳೋ ಡ್ರೈ ಮಾಲ್ಟ್ ಎಕ್ಸ್‌ಟ್ರಾಕ್ಟ್ ದುಡ್ಡು ಉಳೀತು.

ಮೈಸೂರು_ಮಿಲ್ಪಿಟಾಸ್
ಅಥವಾ ಎಲ್ಲಾನೂ ಕಾರ್ಬಾಯ್‌ಗೇ ಸುರಿದು ಜಾಡಿ ತೊಳೆಯೋ ಕೆಲಸ ಉಳಿಸಿ.

ತುಮಕೂರು_ಟೆಕ್ಸಾಸ್
ಮತ್ತೆ ಶುರು ಮಾಡಿದಿರಾ? ನನ್ನ ಲಾಗರ್ ಒಂದು ಬಾಟಲಿ, ನಿಮ್ಮದೊಂದು ಬಾಟಲಿ, ಎರಡೂ ಆರು ತಿಂಗಳು ಇಟ್ಟು ಒಟ್ಟಿಗೆ ತೆರೆಯೋಣ. ವಿಳಾಸ ಖಾಸಗಿಯಾಗಿ ಕಳಿಸಿ.

ಮೈಸೂರು_ಮಿಲ್ಪಿಟಾಸ್
ಕಳಿಸಿದೀನಿ. ಮುಚ್ಚಳ ನೆಗ್ಗದ ಹಾಗೆ ಪ್ಯಾಕ್ ಮಾಡಿ.